ಪುಟ್ಟಮಾದಮ್ಮನ ಲ್ಯಾಬು

ಬೋರ್ಡಿನ ಮೇಲೆ ಭಾರತೀನಗರ ಎಂದಿದ್ದರೂ ಕಂಡಕ್ಟರುಗಳ ಬಾಯಲ್ಲಿ ಆ ಊರು ಇವತ್ತಿಗೂ ದೊಡ್ಡಿಯೇ. ಬಸ್ಸಿನಿಂದ ಇಳಿದು, ಸಾಲುಗಟ್ಟಿ ನಿಂತ ಕಬ್ಬಿನ ಲಾರಿಗಳನ್ನು ಬಳಸಿಕೊಂಡು ಹತ್ತು ನಿಮಿಷ ನಡೆದರೆ ಒಂದು ಡಿಗ್ರಿ ಕಾಲೇಜು ಸಿಗುತ್ತದೆ. ಅದರ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡ್ ದಾಟಿದರೆ, ಕಂಪ್ಯೂಟರ್ ಲ್ಯಾಬು. ಲ್ಯಾಬಿನಲ್ಲಿ ಇಪ್ಪತ್ತೆಂಟು ಕಂಪ್ಯೂಟರುಗಳಿವೆ. ಇಪ್ಪತ್ತಾರು ನಡೆಯುತ್ತವೆ, ಒಂದು ನಡೆಯುವುದಿಲ್ಲ, ಇನ್ನೊಂದು ಪುಟ್ಟಮಾದಮ್ಮ ಹೇಳಿದರೆ ಮಾತ್ರ ನಡೆಯುತ್ತದೆ.

ಪುಟ್ಟಮಾದಮ್ಮ ಲ್ಯಾಬಿನ ಅಟೆಂಡರು. ವಯಸ್ಸು ಐವತ್ಮೂರು, ಓದಿದ್ದು ಏಳನೇ ಕ್ಲಾಸು, ಹುಟ್ಟಿದ್ದು ಮಳವಳ್ಳಿ ಕಡೆಯ ಹಳ್ಳಿ. ಗಂಡ ಮರಿಸಿದ್ದಯ್ಯ ಅರ್ಧ ಎಕರೆ ಕಬ್ಬು, ಎರಡು ಎಮ್ಮೆ, ಒಂದು ಮೊಬೈಲು ಇವಿಷ್ಟರ ನಡುವೆ ಜೀವನ ಕಳೆಯುವ ಮನುಷ್ಯ. ಯಾರಾದರೂ ಹೆಂಡತಿಯ ಕೆಲಸ ಏನೆಂದು ಕೇಳಿದರೆ "ಕಾಲೇಜಲ್ಲಿ ಕಂಪ್ಯೂಟ್ರು ಒರುಸ್ತಾಳೆ" ಎನ್ನುತ್ತಾನೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಹದಿನೇಳು ವರ್ಷದ ಹಿಂದೆ ಆಕೆ ಪೊರಕೆ ಹಿಡಿದು ಆ ಲ್ಯಾಬಿಗೆ ಕಾಲಿಟ್ಟಾಗ ಅಲ್ಲಿ ಕೆಂಪಯ್ಯ ಮೇಷ್ಟ್ರು ಪಾಠ ಮಾಡುತ್ತಿದ್ದರು. ಎಲ್ಲಿಂದಲೋ ಬಂದ ಹಳೆಯ ಕಂಪ್ಯೂಟರುಗಳು, ಅವಕ್ಕೆ ಬೇರೆ ಯಾವುದನ್ನು ಹಾಕಿದರೂ ಮಲಗಿಬಿಡುತ್ತಿದ್ದವು. ಹಾಗಾಗಿ ಮೇಷ್ಟ್ರು ಎಲ್ಲಕ್ಕೂ, ಕಮಾಂಡು ಟೈಪ್ ಮಾಡಿ ನಡೆಸುವ ಹಗುರವಾದ ಲಿನಕ್ಸ್ ಹಾಕಿದರು. ಮೇಷ್ಟ್ರ ಗಂಟಲು ದೊಡ್ಡದು, ಪಾಠ ಅಚ್ಚಕನ್ನಡದಲ್ಲಿ. ವರ್ಷಾವರ್ಷ ಅದೇ ಪಾಠ, ಅದೇ ಉದಾಹರಣೆ, ಅದೇ ಜಾಗದಲ್ಲಿ ಅದೇ ಹಾಸ್ಯ. ಆ ಪಾಠವನ್ನು ಹನ್ನೊಂದು ವರ್ಷ ಬಿಡದೆ ಕೇಳಿದವರು ಇಡೀ ಕಾಲೇಜಿನಲ್ಲಿ ಇಬ್ಬರೇ. ಒಬ್ಬರು ಪಾಠ ಹೇಳಿದ ಕೆಂಪಯ್ಯ ಮೇಷ್ಟ್ರು, ಇನ್ನೊಬ್ಬರು ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ ಪುಟ್ಟಮಾದಮ್ಮ. ಹುಡುಗರು ಮೂರು ವರ್ಷ ಕೇಳಿ, ಅದರಲ್ಲೂ ಮುಕ್ಕಾಲು ಪಾಲು ಮರೆತು, ಹೊರಟುಬಿಡುತ್ತಿದ್ದರು.

ಮೊದಮೊದಲು ಬರೀ ಕಿವಿಗೆ ಬೀಳುತ್ತಿತ್ತು. ಆಮೇಲೆ ಎಲ್ಲರೂ ಊಟಕ್ಕೆ ಹೋದಾಗ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ನೋಡತೊಡಗಿದಳು. ಒಂದು ದಿನ ಕೆಂಪಯ್ಯ ಮೇಷ್ಟ್ರು ಊಟ ಮುಗಿಸಿ ಬೇಗ ಬಂದವರು ಹಿಂದೆ ನಿಂತು ನೋಡಿದರು. ಬೈಯುತ್ತಾರೆಂದು ಈಕೆ ಎದ್ದು ನಿಂತರೆ, "ಕೂತ್ಕಳಮ್ಮ. ಇಷ್ಟುದ್ದ ಫೈಲ್ ಎಸ್ರು ಯಾಕೆ ಟೈಪ್ ಮಾಡ್ತಾ ಇದ್ದೀಯ? ಮೂರು ಅಕ್ಷರ ಒತ್ತಿ ಟ್ಯಾಬ್ ಒತ್ತು, ಮಿಕ್ಕಿದ್ದು ಅದೇ ತುಂಬ್ಕಳ್ತದೆ" ಎಂದರು. ಅವತ್ತಿನಿಂದ ಆಕೆ ಲ್ಯಾಬಿನ ಅಟೆಂಡರಾಗಿಯೇ ಉಳಿದರೂ, ಲ್ಯಾಬು ಆಕೆಯದಾಯಿತು.

ಮೇಷ್ಟ್ರು ನಿವೃತ್ತರಾದ ಮೇಲೆ ಬಂದ ಲೆಕ್ಚರರುಗಳು ಯಾರೂ ಎರಡು ವರ್ಷ ನಿಲ್ಲಲಿಲ್ಲ. ಪಾಠ ಅವರು ಮಾಡುತ್ತಿದ್ದರು. ಅರ್ಥವಾಗದ ಮಕ್ಕಳು ಪುಟ್ಟಮಾದಮ್ಮನ ಸ್ಟೂಲಿನ ಹತ್ತಿರ ಬರುತ್ತಿದ್ದರು. ಒಂದೊಂದು ಕಮಾಂಡಿಗೂ ಆಕೆಯ ಪಾಠವೇ ಬೇರೆ.

"ಎಲ್ಎಸ್ ಅಂದ್ರೆ ಬಾಗ್ಲು ತಗ್ದು ಮನೇಲಿ ಯಾರ್ಯಾರವ್ರೆ ಅಂತ ನೋಡೋದು ಕಣ್ಲಾ. ಪಿಡಬ್ಲ್ಯುಡಿ ಅಂದ್ರೆ ರಸ್ತೆ ಮಾಡೋರಲ್ಲ; ನೀನೀಗ ಎಲ್ಲಿ ನಿಂತಿದ್ದೀಯ ಅಂತ ಯೋಳೋದು. ಎಲ್ಲಿ ನಿಂತಿದ್ದೀನಿ ಅಂತ್ಲೇ ಗೊತ್ತಿಲ್ದೆ ಗುಡ್ಸಕೆ ಸುರು ಮಾಡುದ್ರೆ ಪಕ್ಕದ ಮನೆ ಗುಡ್ಸಿಬುಡ್ತೀಯ."

"ಆರ್ಎಂ ಅಂತ ಅಳ್ಸೋದು ಅಂದ್ರೆ ತಿಪ್ಪೆಗೆ ಎಸೆಯೋದು ಅಂದ್ಕಂಡಿದ್ದೀಯ? ತಿಪ್ಪೆಗೆ ಎಸೆದ್ರೆ ಕೆದ್ಕಿ ತಕಬೋದು. ಇದು ಒಲೆಗೆ ಆಕೋದು. ಕೈಗೆ ಬೂದಿನೂ ಸಿಕ್ಕಾಕಿಲ್ಲ."

ವೆಬ್ ಪುಟ ಮಾಡುವ ಮಕ್ಕಳು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೇ ಪುಟಕ್ಕೆ ಏರಿಸಿದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. "ಇಷ್ಟು ದಪ್ಪ ಫೋಟ ಆಕಿದ್ದೀಯಲ್ಲ, ನಮ್ಮೂರ್ ನೆಟ್‌ವರ್ಕಲ್ಲಿ ನಿನ್ ತಲೆ ಇವತ್ತು ಬತ್ತದೆ, ಕಾಲು ನಾಳಿಕೆ ಬತ್ತದೆ" ಎಂದು ಗದರಿ, ಒಂದೇ ಸಾಲು ಹೊಡೆದು ಇಡೀ ಫೋಲ್ಡರಿನ ಫೋಟೋಗಳನ್ನು ಚಿಕ್ಕದು ಮಾಡಿಕೊಡುತ್ತಿದ್ದಳು. ಮನೆಯ ಕಂಪ್ಯೂಟರಿನಲ್ಲಿ ಕಾಣುವ ಚಿತ್ರ ಇಲ್ಲೇಕೆ ಕಾಣುವುದಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಬಂದವನಿಗೆ, ಫೈಲಿನ ಹೆಸರಿನಲ್ಲಿ ದೊಡ್ಡ ಅಕ್ಷರ ಇದೆಯೋ ಚಿಕ್ಕದಿದೆಯೋ ನೋಡು ಎನ್ನುತ್ತಿದ್ದಳು. ಲಿನಕ್ಸಿಗೆ ದೊಡ್ಡವರು ಬೇರೆ, ಚಿಕ್ಕವರು ಬೇರೆ. ಅದಕ್ಕೆ ಮರ್ಯಾದೆ ಗೊತ್ತು ಎಂಬುದು ಆಕೆಯ ವಿವರಣೆ.

ಎಲ್ಲದಕ್ಕಿಂತ ದೊಡ್ಡ ಪಾಠ ಒಂದಿತ್ತು. ಒಂದೇ ಸಲಕ್ಕೆ ಹತ್ತಾರು ಫೈಲುಗಳ ಮೇಲೆ ನಡೆಯುವ ಯಾವ ಕಮಾಂಡನ್ನೂ ನೇರವಾಗಿ ಹೊಡೆಯಬಾರದು. ಮೊದಲು ಅದರ ಮುಂದೆ ಎಕೋ ಎಂದು ಬರೆದು ಎಂಟರ್ ಒತ್ತಬೇಕು. ಆಗ ಅದು ಏನೂ ಮಾಡದೆ, ಏನು ಮಾಡಲಿದ್ದೇನೆ ಎಂಬುದನ್ನು ಮಾತ್ರ ಪರದೆಯ ಮೇಲೆ ಬರೆದು ತೋರಿಸುತ್ತದೆ. ಓದಿ, ಸರಿಯಿದ್ದರೆ ಎಕೋ ತೆಗೆದು ಹೊಡೆಯುವುದು. ಇದನ್ನು ಕೆಂಪಯ್ಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಆಕೆ ಹೇಳುವಾಗ ಮಾತ್ರ ಅದಕ್ಕೆ ಬೈಗುಳವೂ ಸೇರಿಕೊಳ್ಳುತ್ತಿತ್ತು.

ಹೀಗಿರುವಾಗ ಕಳೆದ ಜೂನ್ ತಿಂಗಳಲ್ಲಿ ರಘುನಂದನ್ ಎಂಬ ಲೆಕ್ಚರರು ಬಂದರು. ಇಪ್ಪತ್ತೇಳು ವರ್ಷ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಇಸ್ತ್ರಿ ಹೋಗದ ಅಂಗಿ. ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದರೂ ಆ ಅಂಗಿ ಮಡಿಕೆ ಬೀಳದೆ ಇರುವುದು ಹೇಗೆ ಎಂಬುದು ಸ್ಟಾಫ್ ರೂಮಿನವರಿಗೆ ಬಗೆಹರಿಯದ ವಿಷಯ. ಕೆಟ್ಟವರಲ್ಲ. ತಿಳಿವಳಿಕೆ ಇತ್ತು, ಶ್ರದ್ಧೆಯೂ ಇತ್ತು. ಆದರೆ ಇನ್ನೊಬ್ಬರ ಎದುರು ತಪ್ಪು ಮಾಡಿ ಸಿಕ್ಕಿಬಿದ್ದರೆ ತಡೆದುಕೊಳ್ಳುವ ಶಕ್ತಿ ಮಾತ್ರ ಇರಲಿಲ್ಲ.

ಅವರು ಮೊದಲ ದಿನವೇ ಬೋರ್ಡಿನ ಹತ್ತಿರದ ಕಂಪ್ಯೂಟರಿನಲ್ಲಿ ಮೊಳದುದ್ದದ ಒಂದು ಫೈಲ್ ಹೆಸರನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡುತ್ತಿದ್ದಾಗ ಹಿಂದಿನಿಂದ "ಟ್ಯಾಬ್ ಒತ್ತಿ ಸಾ" ಎಂಬ ದನಿ ಬಂತು. ತಿರುಗಿ ನೋಡಿದರೆ ಪೊರಕೆ ಹಿಡಿದ ಹೆಂಗಸು. ಕ್ಲಾಸು ಕಿಸಕ್ಕೆಂದಿತು. ಮರುವಾರ ಏನೋ ಓಡಿಸಿ, ಅದು ನಿಲ್ಲದೆ ಪರದೆ ತುಂಬ ಸಾಲುಗಳು ಸುರಿಯತೊಡಗಿ, ಅವರು ಕರೆಂಟ್ ಬಟನ್ನಿಗೇ ಕೈ ಹಾಕಿದಾಗ, "ಅಯ್ಯೋ, ಕಂಟ್ರೋಲ್ ಸಿ ಒತ್ತಿ ಸಾ! ಎಮ್ಮೆ ನಿಲ್ನಿಲ್ಲ ಅಂತ ಕೊಟ್ಗೆ ಕೆಡವ್ತೀರಾ?" ಎಂದಳು. ಈ ಸಲ ಕ್ಲಾಸು ಬಿದ್ದು ಬಿದ್ದು ನಕ್ಕಿತು. ರಘುನಂದನ್ ಕಿವಿ ಕೆಂಪಗಾಯಿತು. ಆಕೆ ಅವಮಾನ ಮಾಡಲೆಂದು ಹೇಳಿದ್ದಲ್ಲ, ಆದರೆ ಅವಮಾನ ಆದವರಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ?

ಅವರು ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದರು. ಲ್ಯಾಬಿನಲ್ಲಿ ತಾಂತ್ರಿಕ ತಿಳಿವಳಿಕೆ ಇರುವ ಸಿಬ್ಬಂದಿ ಬೇಕು, ಈಗಿರುವ ಅಟೆಂಡರರನ್ನು ಬೇರೆ ಕಡೆ ಬಳಸಿಕೊಳ್ಳಬಹುದು ಎಂದು ಬಹಳ ನಯವಾದ ಇಂಗ್ಲಿಷಿನಲ್ಲಿತ್ತು. ಪ್ರಿನ್ಸಿಪಾಲ್ ನಾಗೇಶ್ ಅವರು ಯಾವುದೇ ಕಾಗದ ಬಂದರೂ ಅದು ತಮ್ಮ ಮೇಜಿನ ಮೇಲೆ ಒಂದು ದಿನಕ್ಕಿಂತ ಹೆಚ್ಚು ಕೂರಬಾರದು ಎಂಬ ಮನುಷ್ಯ. ಸೈನ್ ಹಾಕಿಬಿಟ್ಟರು. ಬುಧವಾರ ಆದೇಶ ಪುಟ್ಟಮಾದಮ್ಮನ ಕೈಗೆ ಬಂತು. ಸೋಮವಾರದಿಂದ ಆಫೀಸಿನಲ್ಲಿ ಕೆಲಸ. ಫೈಲು ಸಾಗಿಸುವುದು, ಟೀ ಕೊಡುವುದು.

ಆಕೆ ಕಾಗದವನ್ನು ಎರಡು ಸಲ ಓದಿದಳು. ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಪತ್ರ ಬರೆದವರು ಯಾರು ಎಂಬುದನ್ನು ಗುಮಾಸ್ತ ಆಗಲೇ ಪಿಸುಗುಟ್ಟಿದ್ದ. ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದರೆ, ಅವನು ಎಮ್ಮೆಗೆ ಹುಲ್ಲು ಹಾಕುತ್ತಾ, "ಆಫೀಸಲ್ಲಿ ಫ್ಯಾನ್ ಅದೆ. ಒಳ್ಳೇದೇ ಆಯ್ತು ಬುಡು" ಎಂದ. ಹೆಂಡತಿಯ ಮುಖ ನೋಡಿದ ಮೇಲೆ ಎಮ್ಮೆಯ ಕಡೆಗೇ ತಿರುಗಿಕೊಂಡ. ಪುಟ್ಟಮಾದಮ್ಮನಿಗೆ ಅಳು ಬಂದಿತ್ತು. ಹದಿನೇಳು ವರ್ಷ ತಾನು ಒರೆಸಿ, ಗದರಿ, ತಟ್ಟಿ ಎಬ್ಬಿಸಿದ ಇಪ್ಪತ್ತೆಂಟು ಯಂತ್ರಗಳನ್ನು ಬಿಟ್ಟು, ಯಾರ್ಯಾರಿಗೋ ಸಕ್ಕರೆ ಎಷ್ಟು ಚಮಚ ಎಂದು ಕೇಳಿಕೊಂಡು ಓಡಾಡಬೇಕು.

ಈ ನಡುವೆ ಶನಿವಾರ ಕಾಲೇಜಿಗೆ ಇನ್‌ಸ್ಪೆಕ್ಷನ್ ತಂಡ ಬರುವುದಿತ್ತು. ಕೊನೆಯ ವರ್ಷದ ಅರವತ್ತೆರಡು ವಿದ್ಯಾರ್ಥಿಗಳು ಒಬ್ಬೊಬ್ಬರೂ ತಮ್ಮ ಊರಿನ ಬಗ್ಗೆ ಒಂದೊಂದು ವೆಬ್ ಪುಟ ಮಾಡಿದ್ದರು. ತಂಡದವರಿಗೆ ಅದನ್ನೇ ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ತೀರ್ಮಾನವಾಗಿತ್ತು. ಪುಟಗಳೆಲ್ಲ ಲ್ಯಾಬಿನ ಸರ್ವರ್ ಕಂಪ್ಯೂಟರಿನಲ್ಲಿ ಅರವತ್ತೆರಡು ಫೋಲ್ಡರುಗಳಲ್ಲಿದ್ದವು. ಕೆಂಪಯ್ಯ ಮೇಷ್ಟ್ರ ಕಾಲದ ಪದ್ಧತಿಯಂತೆ ಪ್ರತಿ ಫೋಲ್ಡರಿಗೂ ಆ ವಿದ್ಯಾರ್ಥಿಯ ರೋಲ್ ನಂಬರೇ ಹೆಸರು. ಒಂದು, ಎರಡು, ಮೂರು.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ರಘುನಂದನ್ ಅದನ್ನು ನೋಡಿದರು. ಹನ್ನೊಂದೂವರೆಗೆ ತಂಡ ಬರುತ್ತದೆ. ಜೈಲಿನ ಕೈದಿಗಳಂತೆ ಬರೀ ನಂಬರು ಕಾಣುವುದು ಅವರಿಗೆ ಸರಿ ಎನಿಸಲಿಲ್ಲ. ನಂಬರಿನ ಬದಲು ಮಕ್ಕಳ ಹೆಸರೇ ಇದ್ದರೆ ಎಷ್ಟು ಚಂದ! ಉದ್ದೇಶ ಒಳ್ಳೆಯದೇ. ಹಾಜರಿ ಪಟ್ಟಿಯಿಂದ ಹೆಸರುಗಳನ್ನು ತೆಗೆದುಕೊಂಡು, ಒಂದೊಂದು ನಂಬರಿನ ಫೋಲ್ಡರನ್ನೂ ಆಯಾ ಹೆಸರಿಗೆ ಬದಲಾಯಿಸುವ ಮೂರು ಸಾಲು ಬರೆದು ಎಂಟರ್ ಒತ್ತಿದರು. ಯಂತ್ರ ಏನೂ ಹೇಳಲಿಲ್ಲ. ಹೇಳದೆ ಕೇಳದೆ ಕೆಲಸ ಮುಗಿಸುವುದು ಲಿನಕ್ಸಿನ ಸ್ವಭಾವ. ಅವರು ತೃಪ್ತಿಯಿಂದ ಬ್ರೌಸರ್ ತೆರೆದು ಹೆಸರುಗಳನ್ನು ಎಣಿಸಿದರು. ನಲವತ್ತೊಂದು.

ಮತ್ತೆ ಎಣಿಸಿದರು. ನಲವತ್ತೊಂದೇ.

ಇಪ್ಪತ್ತೊಂದು ಮಕ್ಕಳ ಪುಟಗಳು ಇಲ್ಲ. ರಘುನಂದನ್ ಅವರ ಇಸ್ತ್ರಿ ಅಂಗಿಯ ಬೆನ್ನು ಮೊದಲ ಬಾರಿಗೆ ಒದ್ದೆಯಾಯಿತು.

ಅವರು ಮಾಡಿದ ತಪ್ಪು ಏನೆಂದು ದೊಡ್ಡಿಯ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಮುದುಕಿಯೂ ಹೇಳಬಲ್ಲಳು. ಈ ಸುತ್ತಿನ ಹಳ್ಳಿಗಳಲ್ಲಿ ಬರೀ ಹೆಸರಿನಿಂದ ಯಾರನ್ನೂ ಯಾರೂ ಗುರುತಿಸುವುದಿಲ್ಲ. ಹಿಂದೆ ಮನೆದೇವರ ಹೆಸರು ಇಡುತ್ತಿದ್ದ ಕಾಲದಲ್ಲಿ ಬೀದಿಗೆ ಐದು ಸಿದ್ದಯ್ಯ, ಏಳು ಮಾದಮ್ಮ. ಈಗ ಕಾಲ ಬದಲಾಗಿದೆ. ಒಂದು ಮನೆಯವರು ಹೊಸದಾಗಿ ನಿಖಿತಾ ಎಂದು ಇಟ್ಟರೆ, ಚೆನ್ನಾಗಿದೆಯಲ್ಲ ಎಂದು ಆ ವರ್ಷ ಹುಟ್ಟಿದ ಕೂಸುಗಳಿಗೆಲ್ಲ ಅದೇ ಹೆಸರು. ಆ ಕ್ಲಾಸಿನಲ್ಲಿ ಹುಡುಗ ಹುಡುಗಿ ಸೇರಿ ಆರು ಚೈತನ್ಯ, ಐದು ನಿಖಿತಾ, ಐದು ನಾಗಶ್ರೀ, ಐದು ಮಹದೇವು, ಐದು ಶಿವು. ಊರವರು ಡೈರಿ ನಿಖಿತಾ, ತೋಟದ ಮನೆ ನಿಖಿತಾ, ದುದ್ದದ ನಿಖಿತಾ ಎನ್ನುತ್ತಾರೆ. ಕೆಂಪಯ್ಯ ಮೇಷ್ಟ್ರು ನಂಬರು ಇಟ್ಟಿದ್ದು ಮಕ್ಕಳನ್ನು ಕೈದಿ ಮಾಡಲು ಅಲ್ಲ. ರಘುನಂದನ್ ಯಾರನ್ನೂ ಒಂದು ಮಾತು ಕೇಳಲಿಲ್ಲ, ಅಷ್ಟೇ.

ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಹರಡಿ ಲ್ಯಾಬಿನ ತುಂಬ ಮಕ್ಕಳು. ರಘುನಂದನ್ ಸರ್ವರಿನ ಮುಂದೆ ಕೂತು ಏನೇನೋ ಹೊಡೆಯುತ್ತಿದ್ದಾರೆ. ಪುಟ್ಟಮಾದಮ್ಮ ಒದ್ದೆ ಬಟ್ಟೆ ಹಿಡಿದು ಕೀಬೋರ್ಡು ಒರೆಸುವ ನೆಪದಲ್ಲಿ ಅವರ ಹಿಂದೆ ಹಾದುಹೋದಳು. ಪರದೆಯ ಮೇಲೆ ಆ ಮೂರು ಸಾಲು ಇನ್ನೂ ಇತ್ತು. ಅದರ ಕೆಳಗೆ ಹೆಸರುಗಳ ಪಟ್ಟಿ. ಐದು ನಿಖಿತಾ ಇರಬೇಕಾದಲ್ಲಿ ಒಬ್ಬಳೇ ನಿಖಿತಾ. ಆಕೆ ಅರ್ಧ ನಿಮಿಷ ನಿಂತಳು. ಎಲ್ಲ ತಿಳಿಯಿತು.

ಏನೂ ಹಾಳಾಗಿರಲಿಲ್ಲ. ಮೊದಲನೆಯ ನಿಖಿತಾಳ ಫೋಲ್ಡರಿಗೆ ಹೆಸರು ಬದಲಾಗಿತ್ತು, ಸರಿ. ಎರಡನೆಯವಳ ಸರದಿ ಬಂದಾಗ ಆ ಹೆಸರಿನ ಫೋಲ್ಡರು ಆಗಲೇ ಇದ್ದುದರಿಂದ ಯಂತ್ರ ಅದನ್ನು ಒಯ್ದು ಮೊದಲನೆಯದರ ಒಳಗೆ ಇಟ್ಟುಬಿಟ್ಟಿತ್ತು. ಮೂರನೆಯದೂ, ನಾಲ್ಕನೆಯದೂ, ಐದನೆಯದೂ ಅಲ್ಲಿಗೇ. ಐದು ಜನ ಒಂದೇ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡಿದ್ದರು. ಹೊರಗಿನಿಂದ ನೋಡುವವರಿಗೆ ಒಂದು ಮನೆ ಕಾಣುತ್ತದೆ, ಅಷ್ಟೇ.

ಹೇಳಬೇಕೆಂದು ಬಾಯಿ ತೆರೆದಳು. ತೆರೆದ ಬಾಯನ್ನು ಮುಚ್ಚಿದಳು. ಕುಪ್ಪಸದೊಳಗಿನ ಕಾಗದ ಚುಚ್ಚಿದಂತಾಯಿತು.

ಲ್ಯಾಬಿನ ಪಕ್ಕದ ಸಣ್ಣ ಕೋಣೆಗೆ ಹೋಗಿ ಸ್ಟವ್ ಹಚ್ಚಿ ಟೀಗೆ ನೀರಿಟ್ಟಳು. ಸೋಮವಾರದಿಂದ ಹೇಗೂ ಇದೇ ಕೆಲಸ, ಕೈ ಪಳಗಲಿ. ಲೆಕ್ಕ ಬಹಳ ಸುಲಭವಿತ್ತು. ಸುಮ್ಮನಿದ್ದರೆ ತಂಡ ಬರುತ್ತದೆ, ಇಪ್ಪತ್ತೊಂದು ಪುಟ ಇಲ್ಲ ಎಂದು ಬರೆದುಕೊಳ್ಳುತ್ತದೆ, ಇಸ್ತ್ರಿ ಅಂಗಿಯ ಮಾನ ಹೋಗುತ್ತದೆ. ಆಗ ಪ್ರಿನ್ಸಿಪಾಲರು ಹುಡುಕಿಕೊಂಡು ಬರುತ್ತಾರೆ, "ಏನಮ್ಮ, ನೀನೇ ಇರು" ಎನ್ನುತ್ತಾರೆ. ಬಾಯಿಬಿಟ್ಟರೆ ಇಸ್ತ್ರಿ ಅಂಗಿ ಗೆಲ್ಲುತ್ತದೆ, ತಾನು ಸೋಮವಾರ ಸಕ್ಕರೆ ಡಬ್ಬಿ ಹಿಡಿಯಬೇಕು. ತಾಂತ್ರಿಕ ತಿಳಿವಳಿಕೆ ಬೇಕು ಅಂತ ಬರೆದವರು ಅದನ್ನು ಎಲ್ಲಾದರೂ ಹೋಗಿ ತಂದುಕೊಳ್ಳಲಿ. ನನಗೇನು?

ನೀರು ಕುದಿಯಿತು. ಆಕೆಯೂ ಕುದಿಯುತ್ತಿದ್ದಳು. ಟೀ ಸೊಪ್ಪು ಹಾಕುವಾಗ ಎರಡು ಸಲ ಹಾಕಿದಳು.

ಬಾಗಿಲಲ್ಲಿ ದುದ್ದದ ನಿಖಿತಾ ನಿಂತಿದ್ದಳು. ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರೂ ಮತ್ತೆ ತುಂಬಿಕೊಳ್ಳುತ್ತಿತ್ತು. ಅವಳ ಪುಟ ಪುಟ್ಟಮಾದಮ್ಮನಿಗೆ ಗೊತ್ತು. ದುದ್ದದಿಂದ ಮಂಡ್ಯಕ್ಕೆ ಹೋಗುವ ಬಸ್ಸುಗಳ ಸಮಯ ಅದು. ಒಂದು ಸಾಲಿನಲ್ಲಿ ಬಸ್ಸು ಬರಬೇಕಾದ ಹೊತ್ತು, ಪಕ್ಕದ ಸಾಲಿನಲ್ಲಿ ನಿಜವಾಗಿ ಬಂದ ಹೊತ್ತು. ಎರಡನೆಯ ಸಾಲಿಗಾಗಿ ಅವಳು ಒಂದು ತಿಂಗಳು ಸ್ಟಾಪಿನಲ್ಲಿ ನಿಂತು ಬರೆದುಕೊಂಡಿದ್ದಳು. ಊರಿನವರು ಈಗ ಮೊಬೈಲಿನಲ್ಲಿ ಆ ಪುಟದ ಫೋಟೋ ಇಟ್ಟುಕೊಂಡು ಅದನ್ನು ನೋಡಿಯೇ ಮನೆ ಬಿಡುತ್ತಿದ್ದರು.

"ಪುಟ್ಟಕ್ಕ, ನಂದೂ ಓಗ್ಬುಡ್ತಂತೆ. ಒಂದ್ ತಿಂಗ್ಳು ಬಿಸ್ಲಲ್ಲಿ ನಿಂತಿದ್ದೆ. ಸಾರ್ನ ಬೈಬೇಡ್ರಿ ಪಾಪ ಅಂತ ಎಲ್ರಿಗೂ ಯೋಳ್ತಾ ಇವ್ನಿ, ಆದ್ರೂ ನಂಗೇ ಅಳು ತಡಿಯಾಕೆ ಆಯ್ತಾ ಇಲ್ಲ."

ಪುಟ್ಟಮಾದಮ್ಮ ಸ್ಟವ್ ಆರಿಸಿದಳು. ಈ ಹುಡುಗಿ ಲೆಕ್ಚರರನ್ನು ಬೈದಿದ್ದರೆ ಆಕೆ ಇನ್ನೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಕೂರುತ್ತಿದ್ದಳೇನೋ. ಬೈಯಲಿಲ್ಲ. ಪುಟ್ಟಮಾದಮ್ಮನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು, ಅದರ ಹಿಂದೆಯೇ ಕೋಪವೂ ಬಂತು.

"ಅಳಬ್ಯಾಡ ಸುಮ್ಕಿರಮ್ಮಿ. ಎಲ್ಲೂ ಓಗಿಲ್ಲ ನಿಂದು" ಎಂದವಳು ಲ್ಯಾಬಿನೊಳಕ್ಕೆ ನುಗ್ಗಿದಳು.

"ಸಾ, ಕೈ ತಗೀರಿ. ಇನ್ನೇನೂ ಒಡೀಬೇಡಿ."

ರಘುನಂದನ್ ತಿರುಗಿದರು. ಹಿಂದೆ ಕೆಂಪಗಾಗಿದ್ದ ಕಿವಿಗಳಿಗೆ ಈಗ ರಕ್ತವೇ ಇರಲಿಲ್ಲ. "ಪುಟ್ಟಮಾದಮ್ಮನವರೇ, ನನಗೆ ಏನೂ ಅರ್ಥ ಆಗ್ತಾ ಇಲ್ಲ. ಫೋಲ್ಡರುಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗಿವೆ."

"ಅಳ್ಸೋಗಿಲ್ಲ. ಮೊದ್ಲು ಎಣಿಸ್ರಿ. ಫೈಂಡ್ ಆಕಿ. ಪ್ರತಿಯೊಬ್ರ ಪುಟದ್ದೂ ಮೊದಲ್ನೇ ಫೈಲ್ ಎಸ್ರು ಒಂದೇ ಅಲ್ವಾ, ಇಂಡೆಕ್ಸು? ಆ ಎಸ್ರಿನದು ಎಲ್ಲೆಲ್ಲಿ ಎಷ್ಟೆಷ್ಟು ಒಳೀಕೆ ಕೂತಿದ್ರೂ ಉಡ್ಕು ಅನ್ನಿ. ಅದನ್ನ ತಕಂಡೋಗಿ ಸಾಲು ಎಣಿಸೋದಕ್ಕೆ ಕೊಡಿ."

ಅವರು ಟೈಪ್ ಮಾಡಿದರು. ಎಂಟರ್ ಒತ್ತುವ ಮುಂಚೆ ಒಮ್ಮೆ ಆಕೆಯ ಮುಖ ನೋಡಿದರು. ಆಕೆ ಗದ್ದ ಎತ್ತಿದಳು. ಪರದೆಯ ಮೇಲೆ ಒಂದೇ ಒಂದು ಸಂಖ್ಯೆ ಮೂಡಿತು: ಅರವತ್ತೆರಡು.

ಲ್ಯಾಬಿನಲ್ಲಿ ಎದ್ದ ಕೂಗಿಗೆ ಪಕ್ಕದ ಕ್ಲಾಸಿನ ಅರ್ಥಶಾಸ್ತ್ರದ ಪಾಠ ನಿಂತುಹೋಯಿತು.

"ಎಲ್ಲಾ ಅವೆ. ಒಂದ್ರೊಳೀಕೆ ಒಂದು ಓಗಿ ಕೂತವೆ. ನಿಖಿತಾ ಅನ್ನೋ ಫೋಲ್ಡ್ರ್ ಬಾಗ್ಲು ತಗೀರಿ ಸಾ, ಒಳಗೆ ಇಪ್ಪತ್ತೊಂಬತ್ತು, ಮೂವತ್ತೇಳು ಅಂತ ನಂಬ್ರು ಕಾಣ್ತವೆ. ಒಳಗಿರೋರ ನಂಬ್ರು ಬದ್ಲಾಗಿಲ್ಲ, ಆಚ್ಗೆ ತಗ್ದು ಕೂರ್ಸೋದು ಅಷ್ಟೇಯ. ನಂಬ್ರು ಮುಂದೆ ಇರ್ಲಿ, ಎಸ್ರು ಬೇಕಾದ್ರೆ ಅದ್ರ ಇಂದೆ ಸೇರ್ಸಿ."

ರಘುನಂದನ್ ಹೊಸದಾಗಿ ಮೂರು ಸಾಲು ಬರೆದರು. ಬೆರಳು ಎಂಟರಿನ ಮೇಲೆ ಹೋಯಿತು.

"ಎಕೋ!" ಎಂದು ಪುಟ್ಟಮಾದಮ್ಮ ಕಿರುಚಿದಳು. ಜೊತೆಗೆ ಅರವತ್ತು ಮಕ್ಕಳೂ ಒಕ್ಕೊರಲಿನಿಂದ ಕಿರುಚಿದರು. ಅವರು ಬೆಚ್ಚಿ ಬೆರಳು ಹಿಂದಕ್ಕೆ ಎಳೆದುಕೊಂಡು, ಕಮಾಂಡಿನ ಮುಂದೆ ಎಕೋ ಸೇರಿಸಿ ಒತ್ತಿದರು. ಯಾವುದು ಎಲ್ಲಿಗೆ ಹೋಗಲಿದೆ ಎಂಬ ಪಟ್ಟಿ ಬಂತು. ಪುಟ್ಟಮಾದಮ್ಮ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. "ನಲವತ್ನಾಕು ಚೈತನ್ಯ ಯಾರ್ಲಾ?" "ನಾನು ಪುಟ್ಟಕ್ಕ." "ಗುತ್ತಲಿನೋನಾ?" "ಊಂ." "ಸರಿ ಬುಡು." ಹೀಗೆ ಇಪ್ಪತ್ತೊಂದು ಜನರನ್ನೂ ಕೂಗಿ, ಮುಖ ನೋಡಿ, ಊರು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ, "ಈಗ ಎಕೋ ತಗ್ದು ಒಡೀರಿ" ಎಂದಳು.

ಹೊಡೆದರು. ಯಂತ್ರ ಎಂದಿನಂತೆ ಏನೂ ಹೇಳಲಿಲ್ಲ. ರಘುನಂದನ್ ಬ್ರೌಸರ್ ಕಡೆ ನೋಡಿ ಮತ್ತೆ ತಲೆಯ ಮೇಲೆ ಕೈ ಹೊತ್ತರು. "ಇನ್ನೂ ನಲವತ್ತೊಂದೇ ಇದೆಯಲ್ಲಾ!"

"ಅದು ಒಂಬತ್ತು ಗಂಟೆ ಪುಟ ಸಾ. ಬೆಳಿಗ್ಗೆ ಪೇಪ್ರು ಇಡ್ಕಂಡು ಸಾಯಂಕಾಲದ ಸುದ್ದಿ ಉಡ್ಕುದ್ರೆ ಸಿಕ್ತದಾ? ರಿಫ್ರೆಶ್ ಮಾಡಿ."

ಅರವತ್ತೆರಡೂ ಬಂದವು. ಗಡಿಯಾರದಲ್ಲಿ ಹನ್ನೊಂದು ಹತ್ತು. ಪುಟ್ಟಮಾದಮ್ಮ ಟೀ ಕೋಣೆಗೆ ಹಿಂತಿರುಗಿ, ಎರಡು ಸಲ ಸೊಪ್ಪು ಹಾಕಿದ್ದ ಟೀಯನ್ನು ಒಬ್ಬಳೇ ಕುಡಿದಳು. ಕಹಿಯಾಗಿತ್ತು. ಮಾಡಿದ್ದು ಸರಿ ಎಂದು ಗೊತ್ತಿತ್ತು, ಸೋಮವಾರ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಒಂದರಿಂದ ಇನ್ನೊಂದರ ಸಂಕಟ ಕಡಿಮೆಯಾಗಲಿಲ್ಲ.

ತಂಡದಲ್ಲಿ ಮೂವರಿದ್ದರು. ಇಬ್ಬರು ಗಂಡಸರು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಮೂರನೆಯವರು ಬೆಳ್ಳಿಗೂದಲಿನ ಮೇಡಂ, ತಲೆಯಾಡಿಸುವ ಪೈಕಿ ಅಲ್ಲ. ದುದ್ದದ ನಿಖಿತಾಳ ಬಸ್ಸಿನ ಪುಟ ನೋಡಿ ಎರಡನೆಯ ಸಾಲು ಓದುತ್ತಾ ಗಟ್ಟಿಯಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ರಘುನಂದನ್ ಕಡೆ ತಿರುಗಿದರು.

"ಇಷ್ಟು ಮಕ್ಕಳ ಕೆಲಸ ಒಂದೇ ಮೆಷಿನ್ನಿನಲ್ಲಿ ಇಟ್ಟಿದ್ದೀರಿ. ಯಾರೋ ತಪ್ಪಾಗಿ ಏನೋ ಹೊಡೆದು ಎಲ್ಲ ಕಾಣೆಯಾದರೆ ಏನು ಮಾಡ್ತೀರಿ?"

ಪ್ರಿನ್ಸಿಪಾಲ್ ನಾಗೇಶ್ ಅವರಿಗೆ ಬೆಳಗಿನ ಕಥೆ ಏನೂ ಗೊತ್ತಿರಲಿಲ್ಲ. ಒಳ್ಳೆಯ ಉತ್ತರಕ್ಕಾಗಿ ನಗುಮುಖದಿಂದ ಕಾದರು. ರಘುನಂದನ್ ಹತ್ತಿರ ಉತ್ತರಗಳು ಬೇಕಾದಷ್ಟಿದ್ದವು, ಪುಸ್ತಕದಲ್ಲಿ ಇರುವಂಥವು. ಅವರು ಬಾಯಿ ತೆರೆದರು. ಗೋಡೆಗೆ ಸಾಲಾಗಿ ನಿಂತ ಅರವತ್ತೆರಡು ಮಕ್ಕಳು ಅವರನ್ನೇ ನೋಡುತ್ತಿದ್ದರು.

"ಮೇಡಂ, ನಿಜ ಹೇಳಬೇಕೆಂದರೆ ಇವತ್ತು ಬೆಳಿಗ್ಗೆ ನಾನೇ ಕಳೆದುಬಿಟ್ಟಿದ್ದೆ" ಎಂದರು ರಘುನಂದನ್. ಪ್ರಿನ್ಸಿಪಾಲರ ನಗು ಅಲ್ಲೇ ಒಣಗಿತು. "ಹುಡುಕಿಕೊಟ್ಟವರು ನಮ್ಮ ಪುಟ್ಟಮಾದಮ್ಮನವರು. ಹೊರಗಡೆ ಇದ್ದಾರೆ."

ಮೇಡಂ ಆಕೆಯನ್ನು ಕರೆಸಿದರು. ಎಷ್ಟು ಓದಿದ್ದೀರಿ ಎಂದು ಕೇಳಿದರು. "ಏಳ್ನೇ ಕ್ಲಾಸು ಮೇಡಮ್ಮೋರೆ. ಆಮೇಲೆ ಇಲ್ಲಿ ಅದಿನೇಳು ವರ್ಸ" ಎಂದಳು ಪುಟ್ಟಮಾದಮ್ಮ. ಏನು ನಡೆಯಿತೆಂದು ವಿವರಿಸಲು ಹೇಳಿದರು. ಐದು ನಿಖಿತಾ ಒಂದೇ ಮನೆಗೆ ನುಗ್ಗಿದ ಕಥೆಯನ್ನು ಆಕೆ ಒಂದು ಅಕ್ಷರವೂ ನಾಜೂಕು ಮಾಡದೆ ಹೇಳಿದಳು. ಕೇಳಿದ ಮೇಡಂ ತಮ್ಮ ಕೈಲಿದ್ದ ಫಾರ್ಮಿನ ಪುಟ ತಿರುಗಿಸಿ, 'ಲ್ಯಾಬಿನಲ್ಲಿ ತಾಂತ್ರಿಕ ಸಿಬ್ಬಂದಿ' ಎಂಬ ಸಾಲಿನ ಮುಂದೆ 'ಇದ್ದಾರೆ' ಎಂದು ಬರೆದು ಮುಂದಕ್ಕೆ ನಡೆದರು.

ಪಕ್ಕದಲ್ಲಿ ನಿಂತು ಇಣುಕಿದ ನಾಗೇಶ್ ಅವರಿಗೆ ಬುಧವಾರದ ಆದೇಶ ನೆನಪಾಯಿತು. ಇದ್ದಾರೆ ಎಂದು ಬರೆಯಿಸಿಕೊಂಡ ಸಿಬ್ಬಂದಿಯನ್ನು ಸೋಮವಾರದಿಂದ ಟೀ ಕೊಡಲು ಹಾಕಿರುವುದಾಗಿ ಸ್ವತಃ ತಾವೇ ಸೈನ್ ಮಾಡಿದ್ದರು. ಸಂಜೆಯೇ ಗುಮಾಸ್ತನನ್ನು ಕರೆದು, ಆ ಆದೇಶ ಇಲ್ಲ ಅಂದುಕೊಳ್ಳಿ ಎಂದರು. ಗುಮಾಸ್ತ ಹಾಗೇ ಅಂದುಕೊಂಡ. ರಘುನಂದನ್ ಕೂಡ ಅಂದುಕೊಂಡರು. ಪುಟ್ಟಮಾದಮ್ಮನಿಗೆ ಹೇಳಬೇಕು ಎಂದು ಮಾತ್ರ ಯಾರೂ ಅಂದುಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಆಕೆ ಆದೇಶದ ಪ್ರಕಾರ ಆಫೀಸಿಗೆ ಹೋಗಿ, ಪ್ರಿನ್ಸಿಪಾಲರ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು. ಮೇಲೆ ಫ್ಯಾನ್ ತಿರುಗುತ್ತಿತ್ತು. ಲ್ಯಾಬಿನ ಬೀಗ ಹಾಗೇ ಇತ್ತು, ಬೀಗದ ಕೈ ಆಕೆಯ ಸೆರಗಿನ ತುದಿಯ ಗಂಟಿನಲ್ಲಿತ್ತು. ಒಂಬತ್ತೂವರೆಗೆ ಮೈದಾನದ ಆ ಕಡೆಯಿಂದ ರಘುನಂದನ್ ಮುಂದೆ, ಅರವತ್ತೆರಡು ಮಕ್ಕಳು ಹಿಂದೆ, ಮೆರವಣಿಗೆ ಬಂದಂತೆ ಬಂದರು.

"ಪುಟ್ಟಮಾದಮ್ಮನವರೇ, ಇಲ್ಲಿ ಯಾಕೆ ಕೂತಿದ್ದೀರಿ? ಬನ್ನಿ, ಲ್ಯಾಬ್ ತೆಗೀಬೇಕು."

"ನಾನೀಗ ಆಫೀಸ್ನೋಳು ಸಾ. ಆರ್ಡ್ರಾಗದೆ." ಆಕೆ ಮಡಿಸಿದ ಕಾಗದ ತೆಗೆದು ತೋರಿಸಿದಳು. "ಸಕ್ರೆ ಎಷ್ಟು ಚಮ್ಚ ಆಕ್ಲಿ ನಿಮ್ಗೆ?"

ಗಲಾಟೆಗೆ ನಾಗೇಶ್ ಹೊರಗೆ ಬಂದರು. "ಏನಮ್ಮ ಇದು, ಆ ಆರ್ಡರ್ ಕ್ಯಾನ್ಸಲ್ ಮಾಡಿವ್ನಿ ಕಣಮ್ಮ. ಓಗು, ಬಾಗ್ಲು ತಗಿ."

"ಕಳ್ಸುವಾಗ ಕಾಗ್ದದಲ್ಲಿ ಕಳ್ಸುದ್ರಿ ಸಾ" ಎಂದಳು ಪುಟ್ಟಮಾದಮ್ಮ, ಕೂತಲ್ಲಿಂದ ಏಳದೆ. "ಕರ್ಕಳೋದೂ ಕಾಗ್ದದಲ್ಲೇ ಆಗ್ಲಿ."

ನಾಗೇಶ್ ರಘುನಂದನ್ ಮುಖ ನೋಡಿದರು. ರಘುನಂದನ್ ನೆಲ ನೋಡಿದರು, ಆಮೇಲೆ ತಲೆಯೆತ್ತಿ, "ಅವರು ಹೇಳೋದು ಸರಿ ಸಾರ್. ಮೊದಲಿನದು ಬರೆಸಿದ್ದು ನಾನು. ಇದನ್ನೂ ನಾನೇ ಬರೀತೀನಿ" ಎಂದು ಗುಮಾಸ್ತನ ಮೇಜಿನ ಮುಂದೆ ಕೂತರು. ಒಂದು ಹಾಳೆ ಎಳೆದುಕೊಂಡು ಪೆನ್ನು ತೆಗೆದರು. 'ಪುಟ್ಟಮಾದಮ್ಮ' ಎಂದು ಬರೆದು, ಮುಂದೆ ಏನು ಬರೆಯುವುದೆಂದು ತಿಳಿಯದೆ ಪೆನ್ನು ನಿಂತಿತು. ಅಟೆಂಡರ್ ಎಂದು ಬರೆಯಲು ಕೈ ಬರಲಿಲ್ಲ. ಇನ್‌ಸ್ಟ್ರಕ್ಟರ್ ಎಂದು ಬರೆದರೆ ಪ್ರಿನ್ಸಿಪಾಲರು ಸೈನ್ ಹಾಕುವುದಿಲ್ಲ.

"ನಿಮ್ಮನ್ನ ಏನಂತ ಬರೀಲಿ?" ಎಂದು ಆಕೆಯನ್ನೇ ಕೇಳಿದರು.

ಹದಿನೇಳು ವರ್ಷದಲ್ಲಿ ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಏನೋ ಹೇಳಲು ಹೊರಟವಳು ಕಿಟಕಿಯಾಚೆ ನೋಡಿದಳು. ಮೈದಾನದ ಬಿಸಿಲಲ್ಲಿ ಮಕ್ಕಳು ಪುಸ್ತಕಗಳನ್ನು ತಲೆಯ ಮೇಲೆ ಹಿಡಿದು ನಿಂತಿದ್ದರು.

"ಏನಾರ ಬರ್ಕಳಿ ಸಾ" ಎಂದು ಎದ್ದು ನಿಂತು ಸೆರಗಿನ ಗಂಟು ಬಿಚ್ಚತೊಡಗಿದಳು. "ಬಿರ್ನೆ ಬರೀರಿ, ಐಕ್ಳು ಬಿಸ್ಲಲ್ಲಿ ನಿಂತವೆ."